ಈ ಮೂಳೆಗೆ ಯಾವೂರು?

ಏಪ್ರಿಲ್ ತಿಂಗಳ ಬಿಸಿಲು. ಹುಣಸೂರು ಸೀಮೆಯ ಯಾವುದಾದರೂ ಒಂದು ಕೆರೆ ಎಂದುಕೊಳ್ಳಿ. ನೀರು ತಳ ಕಂಡಿದೆ, ಅಂಗಳ ಬಿರುಕು ಬಿಟ್ಟಿದೆ. ಜೆಸಿಬಿ ಇಳಿದು ಹೂಳು ಬಗೆಯುತ್ತಿದೆ. ಗೋಡುಮಣ್ಣು ತುಂಬಿಕೊಂಡು ಹೊಲಕ್ಕೆ ಹೋಗಲು ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ಏರಿಯ ಮೇಲೆ ಕೂತು ನೋಡುತ್ತಿದ್ದ ಹುಡುಗನ ಕಾಲ ಬಳಿಗೆ ಮಣ್ಣಿನ ರಾಶಿಯಿಂದ ಏನೋ ಉರುಳಿ ಬರುತ್ತದೆ. ಹಿಡಿಯಷ್ಟು ಗಾತ್ರ, ಕಾಫಿಪುಡಿಯ ಬಣ್ಣ, ನಡುವೆ ಒಂದು ತೂತು, ಎರಡು ಬದಿಗೆ ಮುರಿದ ರೆಕ್ಕೆ, ಮೇಲೊಂದು ಮೋಟು ಮುಳ್ಳು. ಕೈಯಲ್ಲಿ ಹಿಡಿದರೆ ಭಾರ.

"ತಾತ, ಡೈನೋಸಾರ್ದು ಕಣ್ ತಾತ!"

"ಯಾವ್ದೋ ದನದ್ದು ಬುಡ್ಲಾ. ಎಸಿ ಅತ್ತಾಗೆ."

ಸಂಜೆಯೊಳಗೆ ಆ ಮೂಳೆಯ ಫೋಟೊ ಹತ್ತಾರು ಮೊಬೈಲುಗಳಿಗೆ ಹೋಗಿರುತ್ತದೆ. ಒಬ್ಬರು ರಾಕ್ಷಸನ ಮೂಳೆ ಎನ್ನುತ್ತಾರೆ, ಇನ್ನೊಬ್ಬರು ಆನೆಯದು ಎನ್ನುತ್ತಾರೆ, ಮೂರನೆಯವರು ಕೋಟಿ ರೂಪಾಯಿ ಬಾಳುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ಆ ಹೊತ್ತಿಗೆ ಅದು ಸಿಕ್ಕ ಗುಂಡಿಯನ್ನು ಜೆಸಿಬಿ ಇನ್ನೂ ನಾಲ್ಕಡಿ ಬಗೆದಾಗಿರುತ್ತದೆ.

ತಾತ ಹೇಳಿದ್ದು ನಿಜವಿರುವ ಸಂಭವವೇ ಹೆಚ್ಚು. ಆದರೆ ಎಸೆ ಎಂದದ್ದು ಸರಿಯಲ್ಲ. ಹುಡುಗ ಕೊಟ್ಟ ಹೆಸರು ತಪ್ಪಿರಬಹುದು, ಬಗ್ಗಿ ಎತ್ತಿಕೊಂಡದ್ದು ಮಾತ್ರ ಸರಿ. ನಮ್ಮ ಕಡೆ ಅಪರಿಚಿತರು ಬಾಗಿಲಿಗೆ ಬಂದರೆ ಮೊದಲು ಕೇಳುವುದು ಎರಡು ಮಾತು: ಯಾವೂರು? ಯಾರ ಪೈಕಿ? ಕೈಗೆ ಸಿಕ್ಕ ಬೆನ್ನುಮೂಳೆಯನ್ನು ಗುರುತಿಸುವ ವಿದ್ಯೆಯೂ ಇದೇ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಅದರಲ್ಲೂ ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಎರಡನೆಯದು ಕುಂಟುತ್ತದೆ.

ನೆಲ ಮೊದಲೇ ಹೇಳಿಬಿಡುತ್ತದೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕೂ ತಾಲ್ಲೂಕುಗಳ ಹೊಲದ ಮಣ್ಣನ್ನು ಕೆರೆದು ಕೆರೆದು ಕೆಳಗಿಳಿದರೆ ಕೊನೆಗೆ ಸಿಗುವುದು ಗಟ್ಟಿ ಬಂಡೆ. ಬೂದು ಮತ್ತು ಬಿಳಿ ಪಟ್ಟೆಗಳು ಹೆಣೆದುಕೊಂಡ ಆ ಬಂಡೆಯ ಜಾತಿಗೆ ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಜಾತಿ. ಕೆ.ಆರ್. ನಗರದ ನೆರೆಯ ಹಾಸನ ಜಿಲ್ಲೆಯ ಗೊರೂರಿನಲ್ಲಿ ಸಿಗುವ ನೈಸ್‌ಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾದ ಸರಗೂರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. ಅಲ್ಲಿಯ ಶಿಲೆಗಳು 300 ಕೋಟಿ ವರ್ಷಕ್ಕೂ ಹಿಂದಿನವು, ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಗುಂಪಿಗೆ ಸೇರಿದವು. ಹಾಗಾಗಿ ಆ ಗುಂಪಿಗೇ ಸರಗೂರಿನ ಹೆಸರು.

ಬೆನ್ನೆಲುಬು ಎಂಬುದು ಭೂಮಿಯ ಮೇಲೆ ಹುಟ್ಟಿದ್ದು ಹೆಚ್ಚೆಂದರೆ 52 ಕೋಟಿ ವರ್ಷಗಳ ಹಿಂದೆ, ಸಮುದ್ರದಲ್ಲಿ ಈಜುತ್ತಿದ್ದ ಬೆರಳುದ್ದದ ಜೀವಿಗಳಲ್ಲಿ. ಸರಗೂರಿನ ಕಲ್ಲು ಗಟ್ಟಿಯಾದಾಗ ಲೋಕದಲ್ಲಿ ಇದ್ದದ್ದು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ಮಾತ್ರ. ಮೀನಿಲ್ಲ, ಹಾವಿಲ್ಲ, ಗಿಡದ ಎಲೆಯೂ ಇಲ್ಲ. ಮೇಲಾಗಿ ಈ ಬಂಡೆಗಳು ಆಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಹಿಟ್ಟಿನ ಮುದ್ದೆಯಂತೆ ನಾದಿಕೊಂಡವು. ಅಲ್ಲಿ ಮೂಳೆ ಇದ್ದಿದ್ದರೂ ಉಳಿಯುತ್ತಿರಲಿಲ್ಲ.

ಆದ್ದರಿಂದ ನಮ್ಮ ಕ್ವಾರಿಯ ಬಂಡೆಯೊಳಗಿಂದ ಬೆನ್ನುಮೂಳೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅದು ಮೂಳೆಯಲ್ಲ ಎಂದು ನೋಡುವ ಮೊದಲೇ ಹೇಳಬಹುದು. ನನಗೆ ಇದು ನಿರಾಸೆಯ ಸುದ್ದಿ ಎನಿಸುವುದೇ ಇಲ್ಲ. ಬೆನ್ನುಮೂಳೆ ಎಂಬ ಏರ್ಪಾಡನ್ನೇ ಪ್ರಕೃತಿ ಇನ್ನೂ ಕಂಡುಹಿಡಿಯದ ಕಾಲದ ನೆಲದ ಮೇಲೆ ನಾವು ಹೊಗೆಸೊಪ್ಪು ಬೆಳೆಯುತ್ತಿದ್ದೇವೆ, ಭತ್ತ ನಾಟಿ ಮಾಡುತ್ತಿದ್ದೇವೆ. ಡೈನೋಸಾರುಗಳು ಈ ಬಂಡೆಯ ಮುಂದೆ ನಿನ್ನೆ ಮೊನ್ನೆಯ ಮಕ್ಕಳು.

ಹಾಗಾದರೆ ಕೆರೆಯಲ್ಲಿ ಸಿಕ್ಕಿದ್ದೇನು?

ಬಂಡೆಯಲ್ಲಿ ಇಲ್ಲದ ಮೂಳೆ ಅದರ ಮೇಲಿನ ಮಣ್ಣಿನಲ್ಲಿ ಇರಬಹುದು. ಅಲ್ಲೂ ಒಂದು ತೊಡಕಿದೆ. ನಮ್ಮ ಕೆಮ್ಮಣ್ಣಿನಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತದೆ. ಮೂಳೆಯ ಸುಣ್ಣದ ಅಂಶವನ್ನು ಅದು ನಿಧಾನಕ್ಕೆ ಕರಗಿಸಿಬಿಡುತ್ತದೆ. ಹೊಲದಲ್ಲಿ ಹೂತ ದನದ ಮೂಳೆ ಕಾಲಾಂತರದಲ್ಲಿ ಗುರುತು ಸಿಗದಂತೆ ಹೋಗುವುದು ಹೀಗೆ. ಗಾಳಿಯಾಡದ ಕೆರೆಗೋಡು, ಹೊಳೆದಂಡೆಯ ಮೆಕ್ಕಲು, ಸುಣ್ಣಕಲ್ಲು ಬೆರೆತ ಕಪ್ಪುಮಣ್ಣು ಮಾತ್ರ ಮೂಳೆಯನ್ನು ಕಾಪಾಡುತ್ತವೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ದಂಡೆಗಳಲ್ಲೂ ಹಳೆಯ ಕೆರೆಗಳಲ್ಲೂ ಜನಕ್ಕೆ ಮೂಳೆ ಸಿಗುವುದಕ್ಕೆ ಕಾರಣ ಇದು.

ಹುಣಸೂರಿನ ಮಟ್ಟಿಗೆ ಇನ್ನೊಂದು ಮಾತು ನೆನಪಿಡಬೇಕು. ಟಿಪ್ಪು ಮಡಿದ ಮೇಲೆ ಮೈಸೂರಿನ ಅಮೃತಮಹಲ್ ದನಗಳು ಬ್ರಿಟಿಷ್ ಸೇನೆಯ ಕೈಗೆ ಹೋದಾಗ ಅದರ ಮುಖ್ಯ ಠಾಣ್ಯ ಇದ್ದದ್ದು ಹುಣಸೂರಿನಲ್ಲಿ. ಸೇನೆಗೆ ಚರ್ಮ ಹದ ಮಾಡುವ ಕಾರ್ಖಾನೆಯೂ ಗಾಡಿ ತಯಾರಿಸುವ ಕಾರ್ಖಾನೆಯೂ ಅಲ್ಲಿದ್ದವು. ತಲೆಮಾರುಗಟ್ಟಲೆ ದನ ಸಾಕಿ, ಹೂತು, ಸುಲಿದು ಬದುಕಿದ ಊರಿನ ಸುತ್ತ ನೆಲ ಬಗೆದರೆ ದನದ ಮೂಳೆ ಸಿಗುವುದು ಸಹಜ.

ಅದು ದನದ್ದೇ ಎಂದು ತಿಳಿಯುವುದಕ್ಕೆ ಒಂದು ಸೊಗಸಾದ ಗುರುತಿದೆ. ಡುಬ್ಬವಿರುವ ನಮ್ಮ ದೇಸಿ ದನಗಳ ಭುಜದ ಭಾಗದ ಬೆನ್ನುಮೂಳೆಗಳಲ್ಲಿ ಮೇಲೆ ಏಳುವ ಉದ್ದನೆಯ ಮುಳ್ಳಿನ ತುದಿ ಸೀಳಿ ಎರಡಾಗಿರುತ್ತದೆ. ಯುರೋಪಿನ ಡುಬ್ಬವಿಲ್ಲದ ದನಗಳಲ್ಲಿ ಹೀಗಿರುವುದಿಲ್ಲ. ಸಾವಿರಾರು ವರ್ಷ ಹಳೆಯ ಹಟ್ಟಿಗಳನ್ನು ಅಗೆಯುವ ಪುರಾತತ್ತ್ವಜ್ಞರು ಡುಬ್ಬದ ದನವನ್ನು ಗುರುತಿಸಲು ಈ ಸೀಳುಮುಳ್ಳನ್ನೇ ಹುಡುಕುತ್ತಾರೆ. ಡುಬ್ಬಕ್ಕೆ ಮೂಳೆಯಿಲ್ಲ, ಅದು ಬರೀ ಮಾಂಸ ಮತ್ತು ಕೊಬ್ಬು. ಆದರೂ ತಾನಿದ್ದೆ ಎಂದು ಕೆಳಗಿನ ಮೂಳೆಯಲ್ಲಿ ಗುರುತು ಬಿಟ್ಟು ಹೋಗುತ್ತದೆ. ಕೆರೆಯಲ್ಲಿ ಸಿಕ್ಕ ಇಂಥ ಮೂಳೆ ನೂರು ವರ್ಷದ್ದೂ ಆಗಿರಬಹುದು, ಹೊಸಶಿಲಾಯುಗದ್ದೂ ಆಗಿರಬಹುದು. ತಿರುಮಕೂಡಲು ನರಸೀಪುರದಲ್ಲಿ ಆ ಯುಗದ ಜನರ ಸಮಾಧಿಗಳು ಸಿಕ್ಕಿವೆಯಲ್ಲ. ಯಾವ ಕಾಲದ್ದು ಎಂದು ಹೇಳುವುದು ಮೂಳೆಯ ಬಣ್ಣವಲ್ಲ, ಅದು ಸಿಕ್ಕ ಪದರ ಮತ್ತು ಜೊತೆಗೆ ಸಿಕ್ಕ ಮಡಕೆ ಚೂರು.

ಎಚ್.ಡಿ. ಕೋಟೆಯಲ್ಲಿ ಲೆಕ್ಕ ಬೇರೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಹೊರಬೀಳುವ ಹುಲ್ಲುಗಾವಲು ಆನೆಗಳ ಬೀಡು. 1971ರವರೆಗೂ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಆನೆಯ ಬೆನ್ನುಮೂಳೆಯನ್ನು ಮೊದಲ ಸಲ ನೋಡಿದವರು ಅದನ್ನು ಡೈನೋಸಾರಿನದು ಎಂದುಕೊಂಡರೆ ತಪ್ಪಿಲ್ಲ, ಅಷ್ಟು ದೊಡ್ಡದು. ಮೈ ತಟ್ಟೆಯಂತೆ ಅಗಲ, ಮುಂದಿನಿಂದ ಹಿಂದಕ್ಕೆ ಅಳೆದರೆ ತೀರ ಗಿಡ್ಡ. ಈ ಅಗಲ ಮತ್ತು ಗಿಡ್ಡತನದ ಜೋಡಿಯೇ ಆನೆಯ ಗುರುತು. ಅದನ್ನು ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಮನುಷ್ಯರ ಮೂಳೆ ಎಂಬ ಅನುಮಾನ ಬಂದರೆ ಕೈ ಹಚ್ಚದೆ ಪೊಲೀಸರಿಗೆ ಹೇಳಬೇಕು.

ಕಲ್ಲೋ, ಮೂಳೆಯೋ, ಪಳೆಯುಳಿಕೆಯೋ

ಯಾವ ಪ್ರಾಣಿ ಎಂದು ಕೇಳುವ ಮೊದಲು ಮೂಳೆ ಹೌದೇ ಎಂದು ಕೇಳಿಕೊಳ್ಳಬೇಕು. ಮಣ್ಣಿನೊಳಗೆ ಸುಣ್ಣ ಗಂಟುಕಟ್ಟಿ ಆಗುವ ಸುಣ್ಣಕಲ್ಲಿನ ಹರಳುಗಳು ಎಷ್ಟೋ ಸಲ ಬೆನ್ನುಮೂಳೆಯ ಆಕಾರ ತಳೆಯುತ್ತವೆ. ನಡುವೆ ತೂತು, ಎರಡು ಕಡೆ ಉಬ್ಬು, ಥೇಟ್ ಮೂಳೆ. ಇವನ್ನು ಬೇರ್ಪಡಿಸಲು ಮುರಿದ ಅಂಚನ್ನು ನೋಡಿ. ಮೂಳೆಯ ಒಳಗು ಬ್ರೆಡ್ಡಿನ ಹಾಗೆ, ನೂರಾರು ಸಣ್ಣ ಗೂಡುಗಳ ಜಾಲ. ಹೊರಗೆ ಮಾತ್ರ ತೆಳ್ಳನೆಯ ಗಟ್ಟಿ ಸಿಪ್ಪೆ. ಸುಣ್ಣಕಲ್ಲಿನಲ್ಲಿ ಈ ಒಳಗು ಹೊರಗಿನ ಭೇದ ಇಲ್ಲ. ಮೂಳೆಗೆ ಎಡಬಲ ಸಮ ಇರುತ್ತದೆ. ಕಲ್ಲಿಗೆ ಆ ಶಿಸ್ತು ಆಕಸ್ಮಿಕವಾಗಿ ಬಂದರೂ ಪೂರ್ತಿ ಬರುವುದಿಲ್ಲ.

ಬಣ್ಣವನ್ನು ನಂಬಬೇಡಿ. ಕೆರೆಗೋಡಿನ ಕಬ್ಬಿಣದ ಅಂಶ ಹೀರಿದ ಮೂಳೆ ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ. ಕಪ್ಪಾದದ್ದೆಲ್ಲ ಪಳೆಯುಳಿಕೆಯಲ್ಲ. ಪಳೆಯುಳಿಕೆ ಆಗುವುದೆಂದರೆ ಮೂಳೆಯ ಗೂಡುಗಳಲ್ಲೆಲ್ಲ ನೀರಿನಲ್ಲಿ ಕರಗಿದ ಖನಿಜ ಸೇರಿ, ಮೂಳೆಯ ವಸ್ತುವೇ ಬದಲಾಗಿ, ಅದು ಕಲ್ಲಾಗುವುದು. ಚಮಚದಿಂದ ಮೆಲ್ಲಗೆ ತಟ್ಟಿದರೆ ಹಸಿಮೂಳೆ ಮಂಕಾಗಿ ಸದ್ದು ಮಾಡುತ್ತದೆ, ಕಲ್ಲಾದದ್ದು ಹಂಚಿನ ಹಾಗೆ ಟಣ್ ಎನ್ನುತ್ತದೆ. ಅದೇ ಗಾತ್ರದ ಹೊಸ ಮೂಳೆಗಿಂತ ಎರಡು ಪಟ್ಟು ತೂಗಿದರೆ ಕುತೂಹಲ ಪಡುವುದಕ್ಕೆ ಕಾರಣವಿದೆ.

ಕೆಂಪಗೆ ಕಾಯಿಸಿದ ಸೂಜಿಯನ್ನು ಒಂದು ಮೂಲೆಗೆ ತಾಗಿಸಿ ಮೂಸುವ ಹಳೆಯ ಪರೀಕ್ಷೆಯೊಂದಿದೆ. ಕೂದಲು ಸುಟ್ಟ ವಾಸನೆ ಬಂದರೆ ಮೂಳೆಯಲ್ಲಿ ಇನ್ನೂ ಜೀವದ್ರವ್ಯ ಉಳಿದಿದೆ, ಪಳೆಯುಳಿಕೆಯಲ್ಲ. ಪ್ಲಾಸ್ಟಿಕ್ ವಾಸನೆ ಬಂದರೆ ಅಚ್ಚಿನಲ್ಲಿ ಎರೆದ ನಕಲು. ಅದನ್ನು ನಾನು ಯಾರಿಗೂ ಹೇಳಿಕೊಡಲಾರೆ, ಒಳ್ಳೆಯ ಮಾದರಿ ಸುಟ್ಟ ಗಾಯ ಹೊತ್ತು ಉಳಿಯುತ್ತದೆ. ನಾಲಗೆಗೆ ಅಂಟುತ್ತದೆಯೇ ಎಂದು ನೆಕ್ಕಿ ನೋಡುವ ಪರೀಕ್ಷೆಯಂತೂ ಕೆರೆಯಂಗಳದ ಮೂಳೆಗೆ ಬೇಡವೇ ಬೇಡ. ನೂರು ವರ್ಷದ ಒಣಮೂಳೆಯೂ ನಾಲಗೆಗೆ ಅಂಟುತ್ತದೆ.

ಎರಡು ತುದಿಗಳನ್ನು ನೋಡಿ

ಈಗ ಎರಡನೆಯ ಪ್ರಶ್ನೆ: ಯಾರ ಪೈಕಿ? ಬೆನ್ನೆಲುಬಿನ ಒಂದೊಂದು ತುಂಡಿಗೆ ಪಠ್ಯಪುಸ್ತಕದಲ್ಲಿ ಕಶೇರು ಎಂದು ಹೆಸರು. ಸರದಲ್ಲಿ ಪೋಣಿಸಿದಂತೆ ಇರುವುದರಿಂದ ನಾವಿಲ್ಲಿ ಮಣಿ ಎನ್ನೋಣ. ಮಣಿಯ ಕೆಳಗಿನ ದಪ್ಪ ಭಾಗ ಭಾರ ಹೊರುವ ದಿಂಡು. ಅದರ ಮೇಲೆ ಕಮಾನು, ಕಮಾನಿನೊಳಗೆ ನರಹುರಿ ಹಾದುಹೋಗುವ ತೂತು. ಕಮಾನಿನ ನೆತ್ತಿಯಲ್ಲಿ ಮುಳ್ಳು, ಬದಿಗಳಲ್ಲಿ ರೆಕ್ಕೆ. ನೆಲದಲ್ಲಿ ಹೊರಳಿ ಬಂದ ಮಣಿಗಳಲ್ಲಿ ಕಮಾನು, ರೆಕ್ಕೆ, ಮುಳ್ಳು ಮುರಿದು ಬರೀ ದಿಂಡು ಉಳಿದಿರುವುದೇ ಹೆಚ್ಚು. ಅದೃಷ್ಟವಶಾತ್ ವಂಶವನ್ನು ಹೇಳುವುದು ಆ ದಿಂಡಿನ ಎರಡು ತುದಿಗಳೇ.

ಎರಡೂ ತುದಿ ಬಟ್ಟಲಿನಂತೆ ಒಳಗೆ ಹೋಗಿ, ನಡು ಸಣ್ಣಗಾಗಿ, ಡಮರುಗದ ಆಕಾರ ಇದ್ದರೆ ಮೀನು. ಬಟ್ಟಲಿನೊಳಗೆ ಮರದ ಕಾಂಡದ ಉಂಗುರಗಳಂತೆ ಗೆರೆಗಳೂ ಕಾಣುತ್ತವೆ. ಮೀನು ಸಾರು ಉಣ್ಣುವವರು ತಟ್ಟೆಯ ಅಂಚಿನಲ್ಲಿ ಬಿಟ್ಟ ಮುಳ್ಳಿನ ನಡುಗಂಬವನ್ನು ಬಿಡಿಸಿ ನೋಡಬಹುದು. ಶಾರ್ಕಿನದು ಇನ್ನೂ ತೆಳು, ದಪ್ಪ ನಾಣ್ಯದಂತೆ. ಅದರದು ಮೃದ್ವಸ್ಥಿ ಸುಣ್ಣಗಟ್ಟಿ ಆದ ಮಣಿ, ಕಮಾನು ಅಂಟಿಕೊಂಡು ಉಳಿಯುವುದಿಲ್ಲ. ಡೈನೋಸಾರುಗಳ ಕಾಲದ ಸಮುದ್ರಗಳಲ್ಲಿದ್ದ ಇಕ್ತಿಯೋಸಾರ್ ಎಂಬ ಮೀನಿನಾಕಾರದ ಸರೀಸೃಪದ ಮಣಿ ಎರಡೂ ಬದಿಯಿಂದ ಹೆಬ್ಬೆರಳಿನಲ್ಲಿ ಒತ್ತಿದ ತಟ್ಟೆ ಇಡ್ಲಿಯ ಹಾಗಿರುತ್ತದೆ.

ಮುಂದೆ ಬಟ್ಟಲು, ಹಿಂದೆ ಗುಂಡು ಇದ್ದರೆ ಮೊಸಳೆ, ಹಲ್ಲಿ, ಹಾವುಗಳ ಪಂಗಡ. ಒಂದರ ಗುಂಡು ಇನ್ನೊಂದರ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಹಾವಿನ ಮಣಿಯಲ್ಲಿ ಇದರ ಜೊತೆಗೆ ಕಮಾನಿನ ಮುಂದೆ ಒಂದು ಗೂಟ, ಹಿಂದೆ ಅದಕ್ಕೆ ತಕ್ಕ ಗುಳಿ. ಬಡಗಿ ಬಾಗಿಲ ಚೌಕಟ್ಟಿಗೆ ಹಾಕುವ ಕೂಡುಗಚ್ಚಿನಂತೆ. ಇನ್ನೂರರಿಂದ ನಾನೂರು ಮಣಿಗಳ ಸರ ಎಷ್ಟು ಬಳುಕಿದರೂ ತಿರುಚಿಕೊಂಡು ಬೇರ್ಪಡದಿರಲು ಈ ಬೀಗ.

ಕುದುರೆಯ ಜೀನಿನಂತೆ ಒಂದು ದಿಕ್ಕಿಗೆ ಉಬ್ಬಿ ಇನ್ನೊಂದು ದಿಕ್ಕಿಗೆ ತಗ್ಗಿದ್ದರೆ ಹಕ್ಕಿ. ಕೋಳಿಯ ಕತ್ತಿನ ತುಂಡಿನಲ್ಲಿ ಇದನ್ನು ಯಾರೂ ನೋಡಬಹುದು.

ತುದಿಗಳು ಹೆಚ್ಚುಕಡಿಮೆ ಚಪ್ಪಟೆಯಾಗಿ, ಅಂಚಿನಲ್ಲಿ ಬಿಲ್ಲೆ ಅಂಟಿಸಿದಂಥ ಗೆರೆ ಇದ್ದರೆ ಹಾಲೂಡುವ ಪ್ರಾಣಿ. ಎಳೆಯ ಪ್ರಾಣಿಯಲ್ಲಿ ಆ ಬಿಲ್ಲೆ ಇನ್ನೂ ಬೆಸೆದಿರುವುದಿಲ್ಲ, ಮಣ್ಣಿನಲ್ಲಿ ಕಳಚಿ ಬೇರೆಯಾಗಿ ಸಿಗುತ್ತದೆ. ಬಿಲ್ಲೆ ಬೆಸೆದಿದೆಯೋ ಇಲ್ಲವೋ ಎಂಬುದರಿಂದಲೇ ಸತ್ತಾಗ ಪ್ರಾಣಿ ಕರುವೋ ಬಲಿತದ್ದೋ ಎಂದು ತಿಳಿಯುತ್ತದೆ. ಇಲಿಯಿಂದ ಜಿರಾಫೆಯವರೆಗೆ ಈ ಪಂಗಡದ ಬಹುಪಾಲು ಪ್ರಾಣಿಗಳ ಕತ್ತಿನಲ್ಲಿ ಏಳೇ ಮಣಿ. ದನಕ್ಕೆ ಪಕ್ಕೆಲುಬು ಹೊರುವ ಮಣಿ ಹದಿಮೂರು, ಸೊಂಟದವು ಆರು. ಕತ್ತಿನ ಮೊದಲ ಮಣಿ ರೆಕ್ಕೆ ಹರಡಿದ ಚಿಟ್ಟೆಯಂತಿರುತ್ತದೆ. ಬೆನ್ನೆಲುಬಿನ ಬುಡದಲ್ಲಿ ಐದು ಮಣಿ ಬೆಸೆದು ಆದ ಮೂಳೆಯನ್ನು ತಿರುಗಿಸಿ ಹಿಡಿದರೆ ಸಾಲು ತೂತುಗಳು ಕಣ್ಣುಗಳಂತೆ ಕಂಡು ಮುಖವಾಡವೇ ಎನಿಸುತ್ತದೆ. ರಾಕ್ಷಸನ ತಲೆ ಸಿಕ್ಕಿತೆಂಬ ಎಷ್ಟೋ ಸುದ್ದಿಗಳ ಹಿಂದೆ ಇಂಥ ಮೂಳೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಒಂದು ಎಚ್ಚರ. ತುದಿಗಳು ಹೇಳುವುದು ಪಂಗಡವನ್ನು ಮಾತ್ರ. ದನದ ಕತ್ತಿನ ಮಣಿಗಳಲ್ಲಿ ಮುಂದೆ ಗುಂಡು, ಹಿಂದೆ ಬಟ್ಟಲು ಇರುತ್ತದೆ, ಹಾವಿಗೆ ಸರಿಯಾಗಿ ಉಲ್ಟಾ. ಒಂದೇ ಪ್ರಾಣಿಯ ಕತ್ತು, ಬೆನ್ನು, ಬಾಲದ ಮಣಿಗಳು ಬೇರೆ ಬೇರೆ ಪ್ರಾಣಿಗಳವೇನೋ ಎಂಬಷ್ಟು ಬೇರೆಯಾಗಿರುತ್ತವೆ. ಮಣಿಯ ಸಾಲಿನಲ್ಲಿ ಅದರ ಜಾಗ ಯಾವುದು ಎಂದು ತಿಳಿಯದೆ ಹೆಸರಿಡಲು ಹೋಗುವುದೇ ಹವ್ಯಾಸಿಗಳ ದೊಡ್ಡ ತಪ್ಪು.

ದುಡ್ಡು ಕೊಟ್ಟು ತಂದ ಮಣಿ

ನಮ್ಮ ಸೀಮೆಗೆ ದೂರದ ಪಳೆಯುಳಿಕೆ ಹೊಸದಲ್ಲ. ರಾಮಾನುಜರು ತಂಗಿದ್ದರೆಂದು ಪ್ರಸಿದ್ಧವಾದ ಊರು ಕಾವೇರಿ ಬಯಲಿನ ಸಾಲಿಗ್ರಾಮ. ಆ ಹೆಸರಿನ ಶಿಲೆ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿದೆ. ನೇಪಾಳದ ಕಾಳಿ ಗಂಡಕಿಯಿಂದ ಬರುವ ಆ ಕರಿಯ ಶಿಲೆಯೊಳಗಿನ ಚಕ್ರ ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪು. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಸಮುದ್ರದ ನೆನಪು. ಸುರುಳಿಯ ಉದ್ದಕ್ಕೂ ಇರುವ ಏಣುಗಳನ್ನು ಕಂಡು ಬೆನ್ನೆಲುಬು ಎನ್ನುವವರಿದ್ದಾರೆ. ಆದರೆ ಅದು ಕಪ್ಪೆಬೊಂಡಾಸಿನ ಹತ್ತಿರದ ನೆಂಟ, ಬೆನ್ನುಮೂಳೆಯೇ ಇಲ್ಲದ ಪ್ರಾಣಿ. ಮಾರುಕಟ್ಟೆಯಲ್ಲಿ ಬೆನ್ನೆಲುಬಿನ ಹೆಸರಿನಲ್ಲಿ ಸಿಗುವ ಗಂಟುಗಂಟಿನ ಕೋಲುಗಳಲ್ಲಿ ಹಲವು ಕಡಲಲಿಲ್ಲಿ ಎಂಬ ಜೀವಿಯ ದಂಟುಗಳು. ಅವುಗಳಲ್ಲಿ ನರಹುರಿಯ ಕಮಾನು ಇರುವುದಿಲ್ಲ, ಗುರುತು ಅಷ್ಟೇ ಸುಲಭ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟನ್ನರ ಸಂಪ್ರದಾಯದಲ್ಲಿ ಯಾಕ್ ಮೂಳೆಯ ಜಪಮಣಿಗಳಿವೆ. ನೇಪಾಳದ ಝಾಂಕ್ರಿ ಎಂಬ ಮಂತ್ರವಾದಿಗಳು ಹಾವಿನ ಬೆನ್ನುಮಣಿಗಳನ್ನೇ ಪೋಣಿಸಿದ ಮಾಲೆ ತೊಡುತ್ತಾರೆ. ಇವು ಮೂಳೆಗಳು, ಪಳೆಯುಳಿಕೆಗಳಲ್ಲ.

ಈಗ ಆನ್‌ಲೈನ್ ಮಾರಾಟ ಬಂದ ಮೇಲೆ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಡೈನೋಸಾರ್ ಮೂಳೆ ತರಿಸುವವರಿದ್ದಾರೆ. ಹಾಗೆ ಬರುವ ಮಣಿಗಳಲ್ಲಿ ಬಹಳಷ್ಟರ ಊರು ಮೊರಾಕ್ಕೊ. ಅಲ್ಲಿಯ ಖುರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳು ಡೈನೋಸಾರ್ ಯುಗದ ಕೊನೆಗಾಲದ ಸಮುದ್ರದ ತಳ. ಮೊಸಾಸಾರ್ ಎಂಬ ದೈತ್ಯ ಕಡಲಹಲ್ಲಿಯ ಮಣಿಗಳು ಅಲ್ಲಿ ರಾಶಿರಾಶಿ ಸಿಗುತ್ತವೆ. ಮುಂದೆ ಬಟ್ಟಲು, ಹಿಂದೆ ಗುಂಡು, ಮೇಲೆ ತೆಳುಹಳದಿಯ ಮರಳುಪುಡಿ. ಅದು ಡೈನೋಸಾರ್ ಅಲ್ಲ, ಆದರೆ ನಿಜವಾದ ಪಳೆಯುಳಿಕೆ. ಅದೇ ದೇಶದ ಕೆಮ್ ಕೆಮ್ ಪ್ರದೇಶದ ಕೆಂಪು ಮರಳುಗಲ್ಲಿನಿಂದ ಡೈನೋಸಾರ್ ಮಣಿಗಳೂ ಬರುತ್ತವೆ, ಅವುಗಳ ಜೊತೆಗೆ ಮೋಸವೂ ಬರುತ್ತದೆ. ಒಂದು ಪ್ರಾಣಿಯ ದಿಂಡಿಗೆ ಇನ್ನೊಂದರ ಮುಳ್ಳು ಅಂಟಿಸಿ, ಬೆಸುಗೆ ಕಾಣದಂತೆ ಗೋಂದಿನಲ್ಲಿ ಕಲಸಿದ ಮರಳು ಮೆತ್ತುತ್ತಾರೆ. ಮೂಳೆಯ ಗೂಡುಜಾಲ ಇದ್ದಕ್ಕಿದ್ದಂತೆ ನಿಂತು ಬರೀ ಮರಳಿನ ಪಟ್ಟಿ ಎದುರಾದರೆ ಅನುಮಾನಿಸಬೇಕು. ಗಾಳಿಗುಳ್ಳೆಯ ಸಣ್ಣ ಗುಂಡು ತೂತುಗಳಿದ್ದರೆ ಎರಕ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದರೆ ಅನೇಕ ಬಗೆಯ ಗೋಂದುಗಳು ಬೇರೆಯೇ ಬಣ್ಣಕ್ಕೆ ಹೊಳೆಯುತ್ತವೆ.

ಮಾರುವವರನ್ನು ಕೇಳಬೇಕಾದ್ದು ಬೆಲೆಗಿಂತ ಮೊದಲು ಊರು. ಯಾವ ಗಣಿ, ಯಾವ ಪದರ ಎಂದು ಹೇಳಲಾಗದವರು ಪ್ರಾಣಿಯ ಹೆಸರನ್ನು ಮಾತ್ರ ಖಚಿತವಾಗಿ ಹೇಳಿದರೆ ಆ ಹೆಸರನ್ನು ನಂಬುವುದಕ್ಕೆ ಆಧಾರವಿಲ್ಲ. ಭಾರತದ ನೆಲದಿಂದಲೇ ಕಿತ್ತು ತಂದದ್ದು ಎಂದು ಹೇಳಿ ಮಾರುವುದನ್ನಂತೂ ಕೊಳ್ಳಲೇಬಾರದು. ಪಳೆಯುಳಿಕೆಗಳಿಗಾಗಿ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲದೆ ಬಹುಕಾಲ ಕಳೆಯಿತು. 2022ರ ಕೊನೆಯಲ್ಲಿ ಕೇಂದ್ರ ಗಣಿ ಸಚಿವಾಲಯ ಭೂಪರಂಪರೆಯ ತಾಣ ಮತ್ತು ಅವಶೇಷಗಳ ರಕ್ಷಣೆಗೆ ಒಂದು ಕರಡು ಮಸೂದೆ ಪ್ರಕಟಿಸಿತು. ನಮ್ಮ ದುಡ್ಡು ಹೋದ ಕಡೆಗೇ ಹಾರೆಯೂ ಹೋಗುತ್ತದೆ ಎಂಬುದನ್ನು ಕೊಳ್ಳುವವರು ನೆನೆಯಬೇಕು.

ಎರಡು ಮಣಿಗಳ ಕಥೆ

ಏಷ್ಯಾದಲ್ಲಿ ಮೊದಲು ಸಿಕ್ಕ ಡೈನೋಸಾರ್ ಮೂಳೆಗಳು ಯಾವುವು ಗೊತ್ತೇ? ಬಾಲದ ಎರಡು ಬೆನ್ನುಮಣಿಗಳು. ಎತ್ತಿಕೊಂಡದ್ದು ವಿಜ್ಞಾನಿಯಲ್ಲ. ಥಗ್ಗರನ್ನು ಅಡಗಿಸಿದ ಅಧಿಕಾರಿ ಎಂದು ಮುಂದೆ ಹೆಸರಾದ ಡಬ್ಲ್ಯು.ಎಚ್. ಸ್ಲೀಮನ್ 1828ರಲ್ಲಿ ಜಬಲ್‌ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಅವನ್ನು ಕಂಡ. ಡೈನೋಸಾರ್ ಎಂಬ ಪದ ಹುಟ್ಟಿದ್ದೇ 1842ರಲ್ಲಿ. ತನ್ನ ಕೈಲಿದ್ದುದನ್ನು ಏನೆಂದು ಕರೆಯಬೇಕೆಂದು ಆತನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೆ ಎಲ್ಲಿ ಸಿಕ್ಕಿತೆಂದು ಗೊತ್ತಿತ್ತು. ಅಲ್ಲಿನ ಡಾಕ್ಟರ್ ಸ್ಪಿಲ್ಸ್‌ಬರಿಯ ಮೂಲಕ ಮಣಿಗಳು ಕಲ್ಕತ್ತೆಯ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಕೈ ಸೇರಿದವು. 1877ರಲ್ಲಿ ರಿಚರ್ಡ್ ಲೈಡೆಕರ್ ಅವಕ್ಕೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ದೈತ್ಯ ಡೈನೋಸಾರುಗಳ ಬಾಲದಲ್ಲಿ ಮೊಸಳೆಯ ಹಾಗೆ ಹಿಂದೆ ಗುಂಡು ಇರುವುದು ಆಗ ಹೊಸ ಸಂಗತಿ. ಆಮೇಲೆ ಮಣಿಗಳು ಕಳೆದೇಹೋದವು ಎಂದು ಎಲ್ಲರೂ ತಿಳಿದಿದ್ದರು. 2012ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸಂಗ್ರಹದಲ್ಲೇ ಧನಂಜಯ ಮೊಹಬೆ ಮತ್ತು ಸುಭಾಷಿಸ್ ಸೇನ್ ಅವನ್ನು ಪತ್ತೆ ಮಾಡಿದರು.

ಗುರುತಿಸುವಲ್ಲಿ ಬಲ್ಲವರೂ ಎಡವುತ್ತಾರೆ. ಗುಜರಾತಿನ ಧೋಳಿ ಡುಂಗ್ರಿಯಲ್ಲಿ ಡೈನೋಸಾರ್ ಮೊಟ್ಟೆಯ ಗೂಡಿನೊಳಗೆ ಸಿಕ್ಕ ಸಣ್ಣ ಮೂಳೆಗಳೆಲ್ಲ ಮರಿ ಡೈನೋಸಾರಿನವು ಎಂದೇ 1987ರಲ್ಲಿ ಅದೇ ಮೊಹಬೆ ಬರೆದಿದ್ದರು. 2001ರಲ್ಲಿ ಆ ಕಲ್ಲನ್ನು ನೋಡಿದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅವರ ಕಣ್ಣಿಗೆ ಬಿದ್ದದ್ದು ಮಣಿಗಳ ನಡುವಿನ ಗೂಟ ಮತ್ತು ಗುಳಿ. ಅದು ಹಾವು! ಮರಿಗಾಗಿ ಹೊಂಚಿ ಮೊಟ್ಟೆಯನ್ನು ಸುತ್ತಿಕೊಂಡಿದ್ದಾಗಲೇ ಹೂಳಿನಲ್ಲಿ ಮುಚ್ಚಿಹೋದ ಹಾವು. 2010ರಲ್ಲಿ ಅದಕ್ಕೆ ಸನಜೆ ಇಂಡಿಕಸ್ ಎಂದು ಹೆಸರಾಯಿತು, ಬರೆದವರಲ್ಲಿ ಮೊಹಬೆಯವರೂ ಇದ್ದರು. ತಾವೇ ಹೇಳಿದ್ದನ್ನು ತಾವೇ ತಿದ್ದಿಕೊಳ್ಳುವ ಆ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ಕಚ್ಛ್‌ನ ಪಾನಂಧ್ರೋ ಕಲ್ಲಿದ್ದಲ ಗಣಿಯಲ್ಲಿ 2005ರಲ್ಲಿ ಸಿಕ್ಕ 27 ಮಣಿಗಳದೂ ಇದೇ ಕಥೆ. ಮೊಸಳೆಯವು ಎಂಬ ಎಣಿಕೆಯಲ್ಲಿ ಅವು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತಿದ್ದವು. ಐಐಟಿ ರೂರ್ಕಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ ಮತ್ತೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದಾಗ ಅದು 4.7 ಕೋಟಿ ವರ್ಷ ಹಿಂದಿನ, 11ರಿಂದ 15 ಮೀಟರ್ ಉದ್ದವಿದ್ದಿರಬಹುದಾದ ವಾಸುಕಿ ಇಂಡಿಕಸ್ ಆಯಿತು.

ತಪ್ಪು ಗುರುತು ತಿದ್ದಿಕೊಳ್ಳಲು ಈ ಎರಡೂ ಸಲ ಸಾಧ್ಯವಾದದ್ದು ಮಣಿಗಳು ಸಿಕ್ಕ ಜಾಗದ ದಾಖಲೆ ಇದ್ದುದರಿಂದ, ಯಾರೂ ಅವನ್ನು ಪಾಲಿಶ್ ಮಾಡಿ ಶೋಕೇಸಿಗೆ ಇಡದೆ ಇದ್ದುದರಿಂದ.

ಕರ್ನಾಟಕದ ನೆಲವೂ ಪೂರ್ತಿ ಬರಿದಲ್ಲ. ಗೋಕಾಕದ ಹತ್ತಿರ ಚಿಕ್ಕದೌಲಿಯ ಹಳ್ಳದ ದಂಡೆಯ ಮಣ್ಣಿನಲ್ಲಿ ಸಿಕ್ಕ ಖಡ್ಗಮೃಗದ ಮೂಳೆಗಳನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಹೊಸ ಜಾತಿಯೆಂದು ವಿವರಿಸಿದರು. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ. ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಆದಿಮಾನವರ ಕಲ್ಲಾಯುಧಗಳ ಜೊತೆ ಸಿಕ್ಕ ಪ್ರಾಣಿಗಳ ಹಲ್ಲುಗಳಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷ ವಯಸ್ಸೆಂದು ತಿಳಿಯಿತು. ಇನ್ನು, ಕೆ.ಆರ್. ನಗರದ ಗದ್ದೆಗೆ ನೀರುಣಿಸಿದ ಕಾವೇರಿ ಮುಂದೆ ಸಾಗುವ ತಮಿಳುನಾಡಿನ ತಿರುಚಿರಾಪಳ್ಳಿ, ಅರಿಯಲೂರು ಸೀಮೆಯಲ್ಲಿ ಡೈನೋಸಾರ್ ಕಾಲದ ಸಮುದ್ರದ ಶಿಲೆಗಳಿವೆ. ಲೈಡೆಕರ್ 1879ರಲ್ಲಿ ಅಲ್ಲಿಂದ ಒಂದು ಇಕ್ತಿಯೋಸಾರ್‌ಗೆ ಹೆಸರಿಟ್ಟ. ಆಧಾರವಾಗಿ ಸಿಕ್ಕಿದ್ದವು ಬೆನ್ನುಮಣಿಗಳೇ.

ಒಂದು ಚೀಟಿ

ಹಾಗಾದರೆ ಏರಿಯ ಮೇಲಿನ ಹುಡುಗ ಏನು ಮಾಡಬೇಕು? ತೊಳೆದು ಉಜ್ಜಬಾರದು. ವಾರ್ನಿಶ್ ಬಳಿಯಬಾರದು. ಬಿರುಕಿಗೆ ಗೋಂದು ಹಾಕಬಾರದು. ನೆರಳಿನಲ್ಲಿ ನಿಧಾನಕ್ಕೆ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಗೋಡಿನಲ್ಲಿ ನೆನೆದ ಮೂಳೆ ಸೀಳುತ್ತದೆ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಮುಂದೆ, ಹಿಂದೆ, ಮೇಲೆ, ಕೆಳಗೆ, ಎಡ, ಬಲ ಎಂದು ಆರು ಫೋಟೊ ತೆಗೆಯಬೇಕು. ನಾಣ್ಯದ ಅಡ್ಡಳತೆ 27 ಮಿಲಿಮೀಟರ್ ಎಂಬುದು ನೋಡುವವರಿಗೆ ಗೊತ್ತಿರುತ್ತದೆ. ಒಂದೇ ದಿಕ್ಕಿನ ಫೋಟೊದಿಂದ ಯಾವ ಪಂಡಿತರೂ ಏನೂ ಹೇಳಲಾರರು.

ತೋರಿಸುವುದಕ್ಕೆ ಜಾಗಗಳಿವೆ. ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗ, ಮೈಸೂರಿನ ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ, ಬೆಂಗಳೂರಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಕಚೇರಿ. ದನದ್ದೋ ಎಮ್ಮೆಯದ್ದೋ ಎಂದಷ್ಟೇ ತಿಳಿಯಬೇಕಾದರೆ ಊರಿನ ಪಶುವೈದ್ಯರೇ ಸಾಕು. ಮೂಳೆಯ ಪಾಠ ಅವರಷ್ಟು ಓದಿದವರು ಹತ್ತಿರದಲ್ಲಿ ಇನ್ನಾರೂ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು, ಟ್ರ್ಯಾಕ್ಟರ್ ಹೊರಡುವ ಮುಂಚೆಯೇ, ಒಂದು ಚೀಟಿ ಬರೆಯಬೇಕು. ಅದನ್ನು ಮೂಳೆಯ ಜೊತೆಗೇ ಕಾಗದದಲ್ಲಿ ಸುತ್ತಿಡಬೇಕು. ಹುಡುಗನಿಗೆ ಅಳತೆ ಗೊತ್ತಾಗದಿದ್ದರೆ ತಾತನಿಗೆ ಗೊತ್ತಿರುತ್ತದೆ: ಊರಿನ ಹೆಸರು, ಕೆರೆಯ ಹೆಸರು, ತೂಬಿನಿಂದ ಬಡಗಲಿಗೆ ನಲವತ್ತು ಹೆಜ್ಜೆ, ಒಂದಾಳುದ್ದ ಆಳ, ಮೇಲೆ ಕೆಂಪು ಮಣ್ಣು, ಕೆಳಗೆ ಕರೀ ಗೋಡು, ಜೊತೆಗೆ ಎರಡು ಮಡಕೆ ಚೂರು.